ಭಾಷೆ ಕಲಿಸುವ ತಂತ್ರಾಂಶವನ್ನು ಕೊಳ್ಳಬೇಕೆ?

ಬೇಸಗೆಯ ರಜೆ ಹತ್ತಿರವಾಗಿ, ಊರಿಗೆ ಹೋಗುವ ರೈಲಿನಲ್ಲಿ ಸ್ಥಳ ಕಾದಿರಿಸುವ ಗಡಿಬಿಡಿಯೂ ಒಂದು ವಿಧವಾಗಿ ಮುಗಿದ ಮೇಲೆ, ಡೊಂಬಿವಲಿಯಲ್ಲಾಗಲಿ ಠಾಣೆಯಲ್ಲಾಗಲಿ ನನ್ನ ಪರಿಚಿತರಲ್ಲಿ ಯಾರಾದರೊಬ್ಬರು ಪ್ರತಿವರ್ಷವೆಂಬಂತೆ ಒಂದು ಪ್ರಶ್ನೆಯನ್ನು ನನ್ನ ಮುಂದಿಡುತ್ತಾರೆ: ಮಕ್ಕಳಿಗೆ ಕನ್ನಡ ಬಾರದು, ಊರಿನಲ್ಲಿ ಅಜ್ಜಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತವೆ, ಮೊಬೈಲಿನಲ್ಲಿ ಭಾಷೆ ಕಲಿಸುವ ಆ್ಯಪುಗಳು ಬಂದಿವೆಯಂತೆ, ಹಣ ಕೊಟ್ಟು ಒಂದನ್ನು ತೆಗೆದುಕೊಂಡರೆ ಪ್ರಯೋಜನವಾದೀತೆ? ಹೌದೆಂದೋ ಅಲ್ಲವೆಂದೋ ಒಂದು ಮಾತಿನಲ್ಲಿ ಮುಗಿಯಬಹುದಾದ ಪ್ರಶ್ನೆಯಿದೆಂದು ಕೇಳುವವರ ಭಾವನೆ. ಆದರೆ ಅದನ್ನು ಸ್ವಲ್ಪ ಬಿಡಿಸಿ ನೋಡಿದರೆ, ಭಾಷೆಯನ್ನು ಕಲಿಯುವುದೆಂದರೇನು, ಅದರಲ್ಲಿ ಯಾವ ಭಾಗ ಮಾರಾಟಕ್ಕೆ ಸಿಕ್ಕುವಂಥದು, ಯಾವ ಭಾಗ ಎಷ್ಟು ಹಣ ತೆತ್ತರೂ ಯಾವ ಅಂಗಡಿಯಲ್ಲಿಯೂ ಸಿಕ್ಕದಂಥದು ಎಂಬ ಹಲವು ವಿಚಾರಗಳು ಅದರ ಹೊಟ್ಟೆಯಲ್ಲಿ ಅಡಗಿರುವುದು ಕಾಣುತ್ತದೆ. ಅವನ್ನು ಒಂದೊಂದಾಗಿ ಎತ್ತಿಕೊಂಡು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು, ಕೇಳುವವರು ಯಾರು ಎಂಬುದು. ಮುಂಬಯಿಯ ಸುತ್ತಲಿನ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳೆಂಬ ನಮ್ಮ ಈ ನಾಲ್ಕು ಊರುಗಳಲ್ಲಿ ಈ ಪ್ರಶ್ನೆಯನ್ನು ಕೇಳುವವರು ಮೂರು ಬಗೆಯವರು. ಮಕ್ಕಳಿಗೆ ಕನ್ನಡ ಬರಬೇಕೆಂದು ಹಂಬಲಿಸುವ ತಂದೆತಾಯಿಗಳು ಮೊದಲನೆಯವರು. ಕನ್ನಡಿಗನನ್ನು ಮದುವೆಯಾಗಿ ಅತ್ತೆಯೊಡನೆ ನಾಲ್ಕು ಮಾತಾಡಬೇಕೆಂದು ಬಯಸುವ ಮರಾಠಿ ಸೊಸೆಯನ್ನೂ ಇವರ ಪಂಕ್ತಿಯಲ್ಲಿಯೇ ಕೂರಿಸಬಹುದು. ಬ್ಯಾಂಕಿನ ವರ್ಗಾವಣೆಯ ಮೇಲೆ ಕಲ್ಯಾಣಕ್ಕೋ, ಕಂಪ್ಯೂಟರ್ ಕಂಪನಿಯ ಕೆಲಸದ ಮೇಲೆ ಐರೋಲಿಗೋ ಹೊಸದಾಗಿ ಬಂದಿಳಿದು, ಮರಾಠಿ ಬಾರದೆ ನೆರೆಹೊರೆಯಲ್ಲಿ ಮೂಕರಂತೆ ನಡೆದುಕೊಳ್ಳುವ ಕನ್ನಡಿಗರು ಎರಡನೆಯವರು. ಜರ್ಮನ್ ಅಥವಾ ಜಪಾನೀ ಭಾಷೆಯನ್ನು ಕಲಿತು ಹೊರದೇಶದಲ್ಲಿ ಉದ್ಯೋಗವನ್ನೋ ಉಚ್ಚ ಶಿಕ್ಷಣವನ್ನೋ ಪಡೆಯಬೇಕೆನ್ನುವ ತರುಣ ತರುಣಿಯರು ಮೂರನೆಯವರು. ಮೂವರ ಪ್ರಶ್ನೆಯೂ ಶಬ್ದಶಃ ಒಂದೇ. ಆದರೆ ಮೂವರಿಗೂ ಕೊಡಬೇಕಾದ ಉತ್ತರ ಬೇರೆ ಬೇರೆ.

ಕನ್ನಡದ ವಿಷಯದಲ್ಲಿ ಇಲ್ಲಿನ ಪರಿಸ್ಥಿತಿ ಸ್ವಲ್ಪ ವಿಲಕ್ಷಣವಾದದ್ದು. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ಅವರಲ್ಲಿ ಬಹುಭಾಗ ಸೊಲ್ಲಾಪುರ, ಸಾಂಗ್ಲಿಗಳಂತಹ ಗಡಿ ಜಿಲ್ಲೆಗಳವರಾದರೂ, ಮುಂಬಯಿಯಲ್ಲಿ ಬಾಡಿಗೆ ತೆರಲಾರದೆ ಠಾಣೆ, ಡೊಂಬಿವಲಿ, ಕಲ್ಯಾಣಗಳ ಕಡೆಗೆ ಸರಿದು ಬಂದವರೂ, 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ಖಾಡಿಯಾಚೆ ನವಿ ಮುಂಬಯಿಯನ್ನು ಕಟ್ಟತೊಡಗಿದ ಮೇಲೆ ವಾಶಿ, ನೆರೂಳುಗಳಲ್ಲಿ ಮನೆ ಮಾಡಿದವರೂ ಕಡಮೆಯೇನಲ್ಲ. ಆದರೆ ಜನಗಣತಿಯ ಲೆಕ್ಕಕ್ಕೆ ಸಿಕ್ಕದ ಒಂದು ಸಂಗತಿಯುಂಟು. ಇಲ್ಲಿ ಕನ್ನಡಿಗರೆನ್ನಿಸಿಕೊಳ್ಳುವವರಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ, ಇಲ್ಲವೆ ಕುಂದಾಪುರದ ಕಡೆಯ ಕನ್ನಡ. ಪುಸ್ತಕದ ಕನ್ನಡವು ಅವರಿಗೆ ಸಂಘದ ವೇದಿಕೆಯ ಭಾಷೆ, ಲಗ್ನಪತ್ರಿಕೆಯ ಭಾಷೆ, ಯಕ್ಷಗಾನದ ಭಾಷೆ, ಬೆಳಗಿನ ವೃತ್ತಪತ್ರಿಕೆಯ ಭಾಷೆ. ತಂದೆ ಊರಿನ ಕನ್ನಡ ಶಾಲೆಯಲ್ಲಿ ಓದಿ ಬಂದಿದ್ದುದರಿಂದ ಅವನಿಗೆ ಅದು ಅನಾಯಾಸವಾಗಿ ದೊರೆತಿತ್ತು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗನಿಗೆ ಅದು ಯಾವ ದಾರಿಯಿಂದಲೂ ಬಂದು ಸೇರುವುದಿಲ್ಲ. ಮಹಾರಾಷ್ಟ್ರ ಸರಕಾರವು 2020ರ ಕಾಯಿದೆಯ ಮೂಲಕ ಎಲ್ಲ ಶಾಲೆಗಳಲ್ಲಿಯೂ ಮರಾಠಿಯನ್ನು ಕಡ್ಡಾಯಗೊಳಿಸಿದೆ. ಅದು ಯುಕ್ತವೂ ಹೌದು. ಹೀಗೆ ಶಾಲೆಯಲ್ಲಿ ಇಂಗ್ಲಿಷ್ ಮರಾಠಿಗಳು, ಮೈದಾನದಲ್ಲಿ ಹಿಂದಿ, ಅಡುಗೆಮನೆಯಲ್ಲಿ ತುಳು ಎಂದಾದಾಗ, ಕನ್ನಡವು ಮಗುವಿನ ಪಾಲಿಗೆ ಲಿಪಿಯೇ ತಿಳಿಯದ ಐದನೆಯ ಭಾಷೆಯಾಗಿ ಉಳಿಯುತ್ತದೆ. ಮಾತೃಭಾಷೆಯನ್ನು ಪರಭಾಷೆಯಂತೆ ಕಲಿಯಬೇಕಾದ ಈ ಸಂಕಟವೇ ತಂದೆತಾಯಿಗಳನ್ನು ತಂತ್ರಾಂಶದ ಬಾಗಿಲಿಗೆ ತಂದು ನಿಲ್ಲಿಸಿರುವುದು.

ಗುರುವಿಲ್ಲದೆ ಭಾಷೆಯನ್ನು ಕಲಿಯಬೇಕೆಂಬ ಆಸೆ ಹೊಸದೇನಲ್ಲ. ವಿಲಿಯಂ ಕೇರಿ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದ ಕನ್ನಡ ವ್ಯಾಕರಣವಾಗಲಿ, ಕಿಟ್ಟೆಲರು ಸಿದ್ಧಪಡಿಸಿ 1894ರಲ್ಲಿ ಬೆಳಕಿಗೆ ತಂದ ಮಹಾಕೋಶವಾಗಲಿ, ಪರದೇಶದಿಂದ ಬಂದವನು ತನ್ನ ಕೋಣೆಯಲ್ಲಿ ದೀಪದ ಮುಂದೆ ಕುಳಿತು ಕನ್ನಡವನ್ನು ವಶಮಾಡಿಕೊಳ್ಳಲು ನೆರವಾಗುವ ಸಾಧನಗಳೇ ಆಗಿದ್ದವು. 1901ರಲ್ಲಿ ಹುಟ್ಟಿದ ಲಿಂಗ್ವಫೋನ್ ಸಂಸ್ಥೆಯು ಪಾಠಕ್ಕೆ ಧ್ವನಿಯನ್ನು ಜೋಡಿಸಿತು. ಮೂವತ್ತು ದಿನಗಳಲ್ಲಿ ಕನ್ನಡ, ಮೂವತ್ತು ದಿನಗಳಲ್ಲಿ ಮರಾಠಿ ಎಂಬ ತೆಳುವಾದ ಪುಸ್ತಕಗಳನ್ನು ರೈಲ್ವೆ ಪ್ಲಾಟ್‌ಫಾರ್ಮಿನ ಅಂಗಡಿಯಲ್ಲಿ ಕೊಂಡು, ಮೂರನೆಯ ದಿನದ ಪಾಠಕ್ಕೆ ಗುರುತಿನ ಕಾಗದವನ್ನಿಟ್ಟು, ಮೂವತ್ತು ವರ್ಷ ಹಾಗೆಯೇ ಕಪಾಟಿನಲ್ಲಿರಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಬಳಿಕ ಕ್ಯಾಸೆಟ್ಟು ಬಂತು, ಸಿ.ಡಿ. ಬಂತು, 1992ರಲ್ಲಿ ಆರಂಭವಾದ ಕಂಪನಿಯೊಂದರ ರೊಸೆಟ್ಟಾ ಸ್ಟೋನ್ ಎಂಬ ತಂತ್ರಾಂಶವು ಅನುವಾದವೇ ಇಲ್ಲದೆ ಚಿತ್ರಗಳನ್ನು ತೋರಿಸಿ ಕಲಿಸುವ ಕ್ರಮದಿಂದ ಹೆಸರು ಮಾಡಿತು, 2012ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಡ್ಯುಯೊಲಿಂಗೊ, ಪಾಠವನ್ನು ಆಟವನ್ನಾಗಿ ಮಾರ್ಪಡಿಸಿ ಅಂಗೈಗೆ ತಂದಿಟ್ಟಿತು.

ಕ್ಯಾಸೆಟ್ಟು, ಸಿ.ಡಿ.ಗಳು ಬರುವ ಮುಂಚೆ ಮುಂಬಯಿಯ ಕನ್ನಡಿಗರು ಹಿಡಿದ ಇನ್ನೊಂದು ಮಾರ್ಗವನ್ನು ಇಲ್ಲಿ ಮರೆಯಲಾಗದು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಮೊಗವೀರ ವ್ಯವಸ್ಥಾಪಕ ಮಂಡಳಿಯೇ ಮೊದಲಾದ ಸಂಸ್ಥೆಗಳು ನಡೆಸಿದ ಕನ್ನಡ ರಾತ್ರಿಶಾಲೆಗಳಿಗೆ, ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು ಮೇಜು ಒರೆಸಿ ದಣಿದ ಹುಡುಗರು ಬಂದು ಕುಳಿತು ಓದಿ, ಪರೀಕ್ಷೆ ಕಟ್ಟಿ ಪಾಸು ಮಾಡಿದರು. ಅವರ ಕೈಯಲ್ಲಿ ಯಾವ ಯಂತ್ರವೂ ಇರಲಿಲ್ಲ; ಇದ್ದದ್ದು ಒಂದು ಗೊತ್ತಾದ ಹೊತ್ತು, ಒಂದು ಗೊತ್ತಾದ ಬೆಂಚು, ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುವ ಒಬ್ಬ ಮಾಸ್ತರರು. ತಂತ್ರಾಂಶದ ಯೋಗ್ಯತೆಯನ್ನು ಅಳೆಯುವಾಗ ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ತಂತ್ರಾಂಶವು ನಿಜವಾಗಿ ಏನನ್ನು ಮಾಡಿಕೊಡುತ್ತದೆ ಎಂಬುದನ್ನು ನ್ಯಾಯವಾಗಿ ನೋಡೋಣ. ಕಲಿತದ್ದು ಮರೆಯುವುದು ಮನುಷ್ಯ ಸ್ವಭಾವ. ಆ ಮರೆವಿಗೂ ಒಂದು ಕ್ರಮವುಂಟೆಂಬುದನ್ನು ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸ್ ತನ್ನನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು 1885ರಷ್ಟು ಹಿಂದೆಯೇ ತೋರಿಸಿದ. ಒಂದು ಪದವನ್ನು ಮರೆಯುವುದಕ್ಕೆ ಸ್ವಲ್ಪ ಮುಂಚೆ ಮತ್ತೆ ನೆನಪಿಸಿದರೆ, ಪ್ರತಿಸಲವೂ ಅದರ ಆಯುಷ್ಯ ಹೆಚ್ಚುತ್ತದೆ. ಪಾಲ್ ಪಿಮ್ಸ್ಲರ್ ಎಂಬ ವಿದ್ವಾಂಸ 1967ರಲ್ಲಿ ಇದಕ್ಕೊಂದು ವೇಳಾಪಟ್ಟಿಯನ್ನೇ ಕೊಟ್ಟ: 5 ಸೆಕೆಂಡಿನ ಮೇಲೊಮ್ಮೆ, 25 ಸೆಕೆಂಡಿನ ಮೇಲೊಮ್ಮೆ, ಆಮೇಲೆ 2 ನಿಮಿಷ, 10 ನಿಮಿಷ, 1 ಗಂಟೆ, 5 ಗಂಟೆ, 1 ದಿನ, 5 ದಿನ, 25 ದಿನ, 4 ತಿಂಗಳು, ಕೊನೆಗೆ 2 ವರ್ಷ. ‘ಒಗ್ಗರಣೆ’ ಎಂಬ ಪದವನ್ನು ಈ ಕ್ರಮದಲ್ಲಿ ಹನ್ನೊಂದು ಸಲ ನೆನಪಿಸಿಕೊಂಡ ಮಗು ಅದನ್ನು ಸುಲಭವಾಗಿ ಮರೆಯಲಾರದು. ಆದರೆ ಇಷ್ಟು ಸೂಕ್ಷ್ಮವಾಗಿ ನೂರಾರು ಪದಗಳ ಲೆಕ್ಕವನ್ನಿಡುವ ತಾಳ್ಮೆ ತಾಯಿಗೂ ಇಲ್ಲ, ಮಾಸ್ತರರಿಗೂ ಇಲ್ಲ. ಯಂತ್ರಕ್ಕೆ ಮಾತ್ರ ಉಂಟು. ಅದು ಬೇಸರಿಸದು, ಗದರಿಸದು, ನಗದು. ಒಂದೇ ಶಬ್ದವನ್ನು ಸಾವಿರ ಸಲ ಕೇಳಿದರೂ ಮೊದಲನೆಯ ಸಲದ ಕಂಠದಿಂದಲೇ ಹೇಳೀತು. ನಾಚಿಕೆಯ ಸ್ವಭಾವದವರಿಗೆ, ವಯಸ್ಸಾದ ಮೇಲೆ ಹೊಸ ಭಾಷೆಗೆ ಕೈಹಾಕಿದವರಿಗೆ, ಇದು ಸಣ್ಣ ಉಪಕಾರವಲ್ಲ. ಲಿಪಿಯನ್ನು ಕಲಿಸುವುದರಲ್ಲಿಯೂ ತಂತ್ರಾಂಶ ಸಮರ್ಥವಾದದ್ದು. ಮರಾಠಿ ಶಾಲೆಯಲ್ಲಿ ದೇವನಾಗರಿಯ ವರ್ಣಮಾಲೆಯನ್ನು ಕಲಿತ ಮಗುವಿಗೆ ಕನ್ನಡದ ಅಕ್ಷರಗಳ ಕ್ರಮ ಬಹುಮಟ್ಟಿಗೆ ಪರಿಚಿತವೇ ಆದ್ದರಿಂದ, ರೂಪಗಳನ್ನಷ್ಟೇ ಕಣ್ಣಿಗೆ ರೂಢಿಸಿಕೊಳ್ಳುವ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ.

ಹಾಗಾದರೆ ಕೊರತೆ ಎಲ್ಲಿದೆ? ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳಿದರೆ ಸ್ಪಷ್ಟವಾದೀತು. ನಮ್ಮ ಕಟ್ಟಡದ ಮೂರನೆಯ ಮಾಳಿಗೆಯಲ್ಲಿರುವ ಒಂಬತ್ತು ವರ್ಷದ ಹುಡುಗಿಯೊಬ್ಬಳು ಎರಡು ತಿಂಗಳ ಕಾಲ ಇಂತಹದೊಂದು ಆ್ಯಪಿನಿಂದ ಕನ್ನಡವನ್ನು ಕಲಿತಳು. ಬುದ್ಧಿವಂತೆ, ದಿನ ತಪ್ಪಿಸಿದವಳಲ್ಲ. ದಸರೆಗೆ ಕುಂದಾಪುರದ ಕಡೆಯಿಂದ ಅಜ್ಜಿ ಬಂದರು. ಬಂದವರೇ ಚೀಲವನ್ನು ಕೆಳಗಿಟ್ಟು, ‘ಎಂತ ಮಗಾ, ಊಟ ಆಯ್ತಾ?’ ಎಂದು ಕೇಳಿದರು. ಹುಡುಗಿ ಕಕ್ಕಾಬಿಕ್ಕಿಯಾಗಿ ನಿಂತಳು. ಅವಳು ಕಲಿತ ಪಾಠದಲ್ಲಿ ಆ ವಾಕ್ಯವಿರಲಿಲ್ಲ. ತಾಯಿ ಹುರಿದುಂಬಿಸಿದ ಮೇಲೆ, ತನಗೆ ಬರುವ ವಾಕ್ಯಗಳಲ್ಲಿ ಸಂದರ್ಭಕ್ಕೆ ಹತ್ತಿರವಾದದ್ದನ್ನು ಆರಿಸಿ, ಬಲು ಶುದ್ಧವಾದ ಉಚ್ಚಾರದಿಂದ, ‘ಅಜ್ಜಿ ಸೇಬನ್ನು ತಿನ್ನುತ್ತಾಳೆ’ ಎಂದಳು. ಅಜ್ಜಿ ಒಂದು ಗಳಿಗೆ ಮೊಮ್ಮಗಳ ಮುಖವನ್ನೇ ನೋಡಿ, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ‘ತಿನ್ನುತ್ತಾಳೆ ಅಂದ್ಯಾ? ಯಾರು, ನಾನಾ?’ ಎಂದರು. ವ್ಯಾಕರಣದಲ್ಲಿ ಹುಡುಗಿಯದು ತಪ್ಪೇನೂ ಇರಲಿಲ್ಲ. ಎದುರಿಗಿರುವ ಹಿರಿಯರನ್ನು ಆ ರೂಪದಿಂದ ಹೇಳಬಾರದೆಂಬುದನ್ನೂ, ಎದುರಿಗಿರುವವರ ವಿಷಯವನ್ನು ಅವರಿಗೇ ವರದಿ ಮಾಡುವುದು ಮಾತಾಗುವುದಿಲ್ಲವೆಂಬುದನ್ನೂ ಅವಳ ಯಂತ್ರ ಹೇಳಿಕೊಟ್ಟಿರಲಿಲ್ಲ. ಆ ಒಂದು ವಾರದಲ್ಲಿ, ಅಜ್ಜಿಯ ಹಿಂದೆ ಮುಂದೆ ಸುತ್ತಿ, ತೆಂಗಿನಕಾಯಿ ತುರಿಯುವಾಗ ಎದುರಿಗೆ ಕುಳಿತು, ಅವಳು ಕಲಿತದ್ದು ಆ ಎರಡು ತಿಂಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಆದರೆ ಇದನ್ನೂ ಹೇಳಬೇಕು: ಆ್ಯಪಿನಿಂದ ಕಲಿತಿದ್ದ ಮುನ್ನೂರು ಪದಗಳು ಮೊದಲೇ ಅವಳ ಕೈಯಲ್ಲಿದ್ದುದರಿಂದಲೇ ಅಜ್ಜಿಯ ಮಾತು ಅಷ್ಟು ಬೇಗ ಅವಳಿಗೆ ದಕ್ಕಿತು.

ಇದಕ್ಕೆ ಸೇರಿದ ಇನ್ನೊಂದು ತೊಡಕು, ಯಾವ ಕನ್ನಡ ಎಂಬುದು. ‘ಮಾಡುತ್ತೇನೆ’ ಎಂದು ತಂತ್ರಾಂಶ ಕಲಿಸುತ್ತದೆ. ಮೈಸೂರಿನವರು ‘ಮಾಡ್ತೀನಿ’ ಎಂದರೆ, ಮಂಗಳೂರಿನವರು ‘ಮಾಡ್ತೇನೆ’ ಎನ್ನುತ್ತಾರೆ, ಧಾರವಾಡದವರು ‘ಮಾಡ್ತೀನ್ರಿ’ ಎನ್ನುತ್ತಾರೆ, ಕುಂದಾಪುರದವರು ‘ಮಾಡ್ತೆ’ ಎಂದು ಅದನ್ನೂ ಮೊಟಕು ಮಾಡುತ್ತಾರೆ. ಡೊಂಬಿವಲಿಯ ಒಂದೇ ಗಲ್ಲಿಯಲ್ಲಿ ಈ ನಾಲ್ಕೂ ಕಿವಿಗೆ ಬೀಳುವುದುಂಟು. ಪುಸ್ತಕದ ರೂಪವನ್ನು ಕಲಿತವನು ಪತ್ರಿಕೆ ಓದಬಲ್ಲ, ಭಾಷಣ ಕೇಳಬಲ್ಲ. ಮನೆಗೆ ಬಂದ ಮಾವನ ಮಾತು ಅವನಿಗೆ ತಿಳಿಯಬೇಕಾದರೆ ಮಾವನೊಡನೆಯೇ ಕುಳಿತುಕೊಳ್ಳಬೇಕು.

ಇಷ್ಟೆಲ್ಲ ವಿಚಾರ ಮಾಡಿ ಕೊಳ್ಳಲು ಹೊರಟವನಿಗೆ ಎದುರಾಗುವ ಮೊದಲನೆಯ ಆಶ್ಚರ್ಯವೆಂದರೆ, ಜಗತ್ಪ್ರಸಿದ್ಧವಾದ ಅಂಗಡಿಗಳಲ್ಲಿ ಅವನಿಗೆ ಬೇಕಾದ ಸರಕೇ ಇಲ್ಲದಿರುವುದು. ನಾನು ಇದನ್ನು ಬರೆಯುವ ಹೊತ್ತಿಗೆ ಡ್ಯುಯೊಲಿಂಗೊ, ರೊಸೆಟ್ಟಾ ಸ್ಟೋನ್, ಮೇಲೆ ಹೇಳಿದ ವಿದ್ವಾಂಸನ ಹೆಸರಿನ ಪಿಮ್ಸ್ಲರ್ ಈ ಮೂರು ತಂತ್ರಾಂಶಗಳಲ್ಲಿಯೂ ಕಲಿಯತಕ್ಕ ಭಾಷೆಯಾಗಿ ಹಿಂದಿಯುಂಟು; ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. 2011ರ ಜನಗಣತಿಯಲ್ಲಿ 4 ಕೋಟಿಗೂ ಮಿಕ್ಕಿ ಜನ ತಮ್ಮದೆಂದು ಬರೆಸಿದ ಕನ್ನಡಕ್ಕೂ, ಅದರ ಸುಮಾರು ಎರಡರಷ್ಟು ಜನ ಬರೆಸಿದ ಮರಾಠಿಗೂ ಅಲ್ಲಿ ಆಸನವಿಲ್ಲ. ಲಿಂಗ್, ಲ್ಯಾಂಗ್ವೇಜ್ ಕರಿ ಮೊದಲಾದ ಕೆಲವು ಆ್ಯಪುಗಳು ಕನ್ನಡವನ್ನು ಸೇರಿಸಿಕೊಂಡಿವೆ. ಆರಂಭದ ಪದಗಳಿಗೂ ಸರಳ ವಾಕ್ಯಗಳಿಗೂ ಅವು ಒದಗುತ್ತವೆ. ಭಾರತ ಸರಕಾರವು 2021ರಲ್ಲಿ ಹೊರತಂದ ‘ಭಾಷಾ ಸಂಗಮ’ದಲ್ಲಿ ನಿತ್ಯದ ಬಳಕೆಯ ನೂರಕ್ಕೂ ಹೆಚ್ಚು ವಾಕ್ಯಗಳು 22 ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಮೈಸೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು ನಡೆಸುವ ‘ಭಾರತವಾಣಿ’ಯಲ್ಲಿ ನಿಘಂಟುಗಳು ಬಿಟ್ಟಿಯಾಗಿವೆ. ಪದಗಳ ಚೀಟಿಗಳನ್ನು ತಾವೇ ಬರೆದು ಸೇರಿಸಿ ಅಂತರವನ್ನು ಹೆಚ್ಚಿಸುತ್ತ ಪುನರಾವರ್ತನೆ ಮಾಡಿಸುವ ಆಂಕಿ ಎಂಬ ತಂತ್ರಾಂಶ 2006ರಿಂದಲೂ ಇದೆ. ಆ್ಯಂಡ್ರಾಯ್ಡ್ ಫೋನಿಗೆ ಅದು ಉಚಿತ, ಐಫೋನಿಗೆ ಮಾತ್ರ ಬೆಲೆಯುಂಟು. ಅಜ್ಜಿಯ ಬಾಯಿಂದಲೇ ‘ಊಟ ಆಯ್ತಾ’ ಎಂದು ಧ್ವನಿ ಹಿಡಿದು ಆ ಚೀಟಿಗೆ ಅಂಟಿಸಬಹುದಾದ್ದರಿಂದ, ಮನೆಯ ಕನ್ನಡವನ್ನೇ ಕಲಿಸಬೇಕೆಂಬವರಿಗೆ ಇದಕ್ಕಿಂತ ಯುಕ್ತವಾದದ್ದನ್ನು ನಾನು ಕಾಣೆ.

ಮರಾಠಿಯನ್ನು ಕಲಿಯಬೇಕೆನ್ನುವ ಕನ್ನಡಿಗನ ವಿಷಯದಲ್ಲಿ ಬೇರೆಯದೊಂದು ನಷ್ಟವುಂಟು. ತಂತ್ರಾಂಶಗಳು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಪಾಠ ಹೇಳುತ್ತವೆ. ಕನ್ನಡ ಮರಾಠಿಗಳ ಮೂಲ ಬೇರೆ ಬೇರೆಯಾದರೂ, ಸಾವಿರಾರು ವರ್ಷಗಳ ನೆರೆಹೊರೆಯಿಂದ ಅವುಗಳ ವಾಕ್ಯಗಳ ನಡೆ ಒಂದಾಗಿಬಿಟ್ಟಿದೆ. ‘ನಾನು ನಾಳೆ ಕಲ್ಯಾಣಕ್ಕೆ ಹೋಗುವವನು’ ಎಂಬುದನ್ನು ‘ಮೀ ಉದ್ಯಾ ಕಲ್ಯಾಣ್‌ಲಾ ಜಾಣಾರ್’ ಎಂದು ಪದಕ್ಕೆ ಪದ ಇಟ್ಟು ಹೇಳಬಹುದು. ನಮ್ಮ ತುಪ್ಪ ಅವರ ತೂಪ, ನಮ್ಮ ಅಕ್ಕ ಅಣ್ಣಂದಿರು ಅವರಿಗೂ ಅಕ್ಕ ಅಣ್ಣಂದಿರೇ. ಇಷ್ಟು ಹತ್ತಿರದ ಮನೆಗೆ ಇಂಗ್ಲೆಂಡನ್ನು ಸುತ್ತಿಕೊಂಡು ಹೋಗುವುದು ವ್ಯರ್ಥಶ್ರಮ. ನಿಜವಾದ ಭೇದ ಎಲ್ಲಿದೆಯೋ ಅಲ್ಲಿ ಇಂಗ್ಲಿಷು ನೆರವಾಗುವುದೂ ಇಲ್ಲ. ಹೊಸದಾಗಿ ಬಂದ ನನ್ನ ಸ್ನೇಹಿತರೊಬ್ಬರು ನೆರೆಮನೆಯ ಮರಾಠಿ ಗೃಹಸ್ಥರನ್ನು ತಮ್ಮೊಡನೆ ಕರೆದೊಯ್ಯುವ ಉದ್ದೇಶದಿಂದ, ‘ರವಿವಾರೀ ಆಮ್ಹೀ ಗಣಪತೀ ಬಘಾಯ್‌ಲಾ ಜಾಣಾರ್’ (ಭಾನುವಾರ ನಾವು ಗಣಪತಿ ನೋಡಲು ಹೋಗುವವರು) ಎಂದು ಬಲು ಉತ್ಸಾಹದಿಂದ ಹೇಳಿದರು. ಅವರು, ‘ಛಾನ್, ಜಾಊನ್ ಯಾ’ (ಚೆನ್ನಾಯಿತು, ಹೋಗಿ ಬನ್ನಿ) ಎಂದು ಅಷ್ಟೇ ವಿಶ್ವಾಸದಿಂದ ಹರಸಿ ಒಳಗೆ ಹೋದರು. ಕೇಳುವವನನ್ನೂ ಸೇರಿಸಿಕೊಳ್ಳುವ ‘ನಾವು’ ಮರಾಠಿಯಲ್ಲಿ ‘ಆಪಣ್’; ಅವನನ್ನು ಬಿಟ್ಟ ‘ನಾವು’ ‘ಆಮ್ಹೀ’. ಕನ್ನಡದ ಒಂದೇ ‘ನಾವು’, ಇಂಗ್ಲಿಷಿನ ಒಂದೇ ‘ವೀ’ ಎರಡೂ ಈ ಭೇದವನ್ನು ಮರೆಮಾಡುತ್ತವೆ. ‘ಗಾಡಿ’ ಸ್ತ್ರೀಲಿಂಗ, ‘ರಸ್ತಾ’ ಪುಲ್ಲಿಂಗ, ‘ಘರ್’ ನಪುಂಸಕವೆಂಬ ನಿರ್ಜೀವ ವಸ್ತುಗಳ ಲಿಂಗಭೇದವೂ ಹಾಗೆಯೇ. ಇವನ್ನು ಒಬ್ಬ ಭಾಜಿವಾಲಿ ಬಾಯಿಯೊಡನೆ ದಿನಕ್ಕೆ ಐದು ನಿಮಿಷ ಚೌಕಾಶಿ ಮಾಡಿ ಕಲಿಯುವಷ್ಟು ಅಗ್ಗವಾಗಿ ಇನ್ನೆಲ್ಲಿಯೂ ಕಲಿಯಲಾಗದು. ಎದುರಿಗೆ ಇಡೀ ಊರೇ ಪಾಠಶಾಲೆಯಾಗಿ ತೆರೆದಿರುವಾಗ ಮರಾಠಿಗೆಂದು ಹಣ ಕೊಟ್ಟು ತಂತ್ರಾಂಶವನ್ನು ಕೊಳ್ಳುವವನು, ಹೊಳೆಯ ದಡದಲ್ಲಿ ನಿಂತು ಬಾಟಲಿಯ ನೀರನ್ನು ಕೊಂಡವನಂತೆ.

ಜರ್ಮನ್, ಜಪಾನೀಗಳ ಮಾತು ಹಾಗಲ್ಲ. ಡೊಂಬಿವಲಿಯ ಸ್ಟೇಷನ್ ರಸ್ತೆಯಲ್ಲಿ ಜರ್ಮನ್ ಆಡುವವರು ಸಿಕ್ಕುವುದಿಲ್ಲ. ಪ್ರಸಿದ್ಧ ತಂತ್ರಾಂಶಗಳು ಅತ್ಯಂತ ಶ್ರಮವಹಿಸಿ ರಚಿಸಿರುವುದೂ ಯುರೋಪಿನ ಭಾಷೆಗಳ ಪಾಠಗಳನ್ನೇ. ಇಲ್ಲಿ ಹಣ ಕೊಡುವುದು ಸಾರ್ಥಕವಾಗಬಹುದು. ಆದರೂ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಜರ್ಮನ್ ಭಾಷೆಯಾದರೆ ವೀಸಾಕ್ಕೂ ಉದ್ಯೋಗಕ್ಕೂ ಬೇಕಾದದ್ದು ಎ1, ಬಿ1 ಎಂಬ ಶ್ರೇಣಿಗಳಲ್ಲಿ ಮಾನ್ಯತೆ ಪಡೆದ ಪರೀಕ್ಷೆಯ ಪ್ರಮಾಣಪತ್ರ; ಮುಂಬಯಿಯ ಮ್ಯಾಕ್ಸ್‌ಮುಲ್ಲರ್ ಭವನದಂತಹ ಸಂಸ್ಥೆಗಳಲ್ಲಿ ಪರೀಕ್ಷೆಗೆ ಕುಳಿತೇ ಅದನ್ನು ಪಡೆಯಬೇಕು. ಆ್ಯಪು ಕೊಡುವ ಪದಕಗಳನ್ನು ಯಾವ ದೂತಾವಾಸವೂ ಕೇಳದು. ಎರಡನೆಯದು ಕಾಲದ ಲೆಕ್ಕ. 2012ರಲ್ಲಿ ಡ್ಯುಯೊಲಿಂಗೊ ತಾನೇ ಮಾಡಿಸಿದ ಒಂದು ಅಧ್ಯಯನವು, ಸ್ಪ್ಯಾನಿಷ್ ಕಲಿಯುವವರು ಸರಾಸರಿ 34 ಗಂಟೆಗಳಲ್ಲಿ ಕಾಲೇಜಿನ ಒಂದು ಸೆಮಿಸ್ಟರಿನಷ್ಟನ್ನು ಕಲಿಯುತ್ತಾರೆಂದು ಹೇಳಿತು. ಮಾರುವವನೇ ತೂಗಿಸಿದ ತೂಕವೆಂಬುದನ್ನು ನೆನಪಿಟ್ಟುಕೊಂಡೇ ಇದನ್ನು ಓದಬೇಕು. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆಯಾದರೋ, ಇಂಗ್ಲಿಷ್ ಮಾತೃಭಾಷೆಯ ತನ್ನ ಅಧಿಕಾರಿಗಳು ಹಿಂದಿ, ತಮಿಳು, ತೆಲುಗುಗಳಂತಹ ಭಾಷೆಗಳಲ್ಲಿ ಉದ್ಯೋಗಕ್ಕೆ ಸಾಕಾಗುವಷ್ಟು ಪ್ರೌಢಿಮೆಯನ್ನು ಪಡೆಯಲು ಸುಮಾರು 1100 ಗಂಟೆಗಳ ತರಗತಿ ಬೇಕೆಂದು ಅನುಭವದಿಂದ ಹೇಳುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕೆಂದು ಜಾಹೀರಾತು ಸಾರುತ್ತದೆಯಷ್ಟೆ. ಹತ್ತು ನಿಮಿಷದಂತೆ ವರ್ಷಕ್ಕೆ ಸುಮಾರು 60 ಗಂಟೆಯಾದರೆ, 1100 ಗಂಟೆಗೆ ಹದಿನೆಂಟು ವರ್ಷ ಬೇಕು. ನಮ್ಮ ಮಕ್ಕಳಿಗೆ ಕನ್ನಡ ಅಷ್ಟು ದೂರದ್ದಲ್ಲ, ಆದ್ದರಿಂದ ಅಷ್ಟು ಕಾಲ ಹಿಡಿಯದು. ಆದರೂ ಹತ್ತು ನಿಮಿಷವೆಂಬುದು ಕಲಿಕೆಯ ಆರಂಭವೆಂದು ತಿಳಿಯತಕ್ಕದ್ದೇ ಹೊರತು ಅದರ ಪೂರ್ಣಪ್ರಮಾಣವೆಂದಲ್ಲ.

ಬೆಲೆಯನ್ನು ಅಳೆಯುವ ಕ್ರಮವೂ ಇದರಿಂದಲೇ ಹೊರಡುತ್ತದೆ. ವರ್ಷಕ್ಕೆ 1800 ರೂಪಾಯಿಯ ಚಂದಾ ಎಂದಿಟ್ಟುಕೊಳ್ಳೋಣ. ದಿನ ತಪ್ಪದೆ ಹತ್ತು ನಿಮಿಷ ಬಳಸಿದವನಿಗೆ ಗಂಟೆಗೆ 30 ರೂಪಾಯಿ ಬಿತ್ತು. ಯಾವ ಟ್ಯೂಷನ್ನೂ ಇಷ್ಟು ಅಗ್ಗವಲ್ಲ. ಮೂರು ವಾರಕ್ಕೆ ಬೇಸತ್ತು ಬಿಟ್ಟವನಿಗೆ ಮೂರೂವರೆ ಗಂಟೆಯ ಪಾಠವಾಯಿತು, ಗಂಟೆಗೆ 500 ರೂಪಾಯಿ ಮೀರಿತು. ತಂತ್ರಾಂಶದ ಬೆಲೆಯನ್ನು ನಿಶ್ಚಯಿಸುವವನು ಮಾರುವವನಲ್ಲ, ಬಳಸುವವನೇ. ನಾನೂ ಒಮ್ಮೆ, ಒಂದು ವರ್ಷಕ್ಕೆ ಅರ್ಧ ಬೆಲೆಯೆಂಬ ಮಾತಿಗೆ ಮರುಳಾಗಿ ಜಪಾನೀ ಭಾಷೆಗೆ ಚಂದಾ ಕಟ್ಟಿ, ಹಿರಗಾನ ಲಿಪಿಯ ಮೊದಲ ಸಾಲನ್ನು ದಾಟುವುದರೊಳಗೆ ಬಿಟ್ಟು, ಮರುವರ್ಷ ಅದೇ ದಿನ ಪೂರ್ಣ ಬೆಲೆ ತಾನಾಗಿಯೇ ಕಾರ್ಡಿನಿಂದ ಕಡಿತವಾದುದನ್ನು ಕಂಡು ಹಣೆ ಚಚ್ಚಿಕೊಂಡವನೇ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರದಿಂದ, ಇಂತಹ ಸ್ವಯಂಚಾಲಿತ ಕಡಿತಕ್ಕೆ 24 ಗಂಟೆ ಮುಂಚೆ ಬ್ಯಾಂಕು ಗ್ರಾಹಕನಿಗೆ ಸೂಚನೆ ಕಳಿಸಬೇಕು. ಬೇಡವೆನ್ನುವ ಹಕ್ಕು ಅವನಿಗುಂಟು. 15,000 ರೂಪಾಯಿಯ ಒಳಗಿನ ಮೊತ್ತಕ್ಕೆ ಪ್ರತಿಸಲ ಒ.ಟಿ.ಪಿ. ಕೇಳುವುದಿಲ್ಲವಾದ್ದರಿಂದ, ಆ ಸೂಚನೆಯನ್ನು ಓದದೆ ಅಳಿಸಿದರೆ ಹಣ ಹೋದದ್ದೇ ಗೊತ್ತಾಗುವುದಿಲ್ಲ. ನನಗೆ ಬಂದ ಸೂಚನೆಯನ್ನು ನಾನು ಅಳಿಸಿದ್ದೆನೆಂಬುದನ್ನೂ ಒಪ್ಪಿಕೊಳ್ಳಬೇಕು.

ಬಳಸುವ ಸ್ಥಳವನ್ನು ಕುರಿತೂ ಎರಡು ಮಾತು. ಈ ಕಡೆಯ ಜನ ಕಲಿಯಲು ಬಿಡುವು ಕಾಣುವುದು ಲೋಕಲಿನ ಪ್ರಯಾಣದಲ್ಲಿಯೇ. ಆದರೆ ಬೆಳಗಿನ ಎಂಟು ಗಂಟೆಗೆ ಡೊಂಬಿವಲಿಯಲ್ಲಿ ಫಾಸ್ಟ್ ಗಾಡಿ ಹತ್ತಿದವನಿಗೆ, ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಕೈ ಎದೆಗಪ್ಪಿದ ಬ್ಯಾಗಿನ ಮೇಲೆ ಇರುತ್ತದಾಗಿ, ಪರದೆಯನ್ನು ಬೆರಳಿನಿಂದ ಒತ್ತಿ ಆಡುವ ಪಾಠ ಸಾಧ್ಯವೇ ಇಲ್ಲ. ಕಿವಿಯಿಂದ ಕೇಳಿ ಮನಸ್ಸಿನಲ್ಲಿಯೇ ಉತ್ತರ ಹೇಳುವ ಪಾಠ ಮಾತ್ರ ಅಲ್ಲಿ ನಡೆದೀತು. ಠಾಣೆಯಿಂದ ವಾಶಿಗೆ ಕುಳಿತು ಹೋಗುವ ಅದೃಷ್ಟವಂತರಿಗೆ ಎರಡೂ ಆದೀತು. ಕೊಳ್ಳುವ ಮುಂಚೆ, ತಮ್ಮ ದಿನದ ಯಾವ ಹೊತ್ತು, ಯಾವ ಭಂಗಿಯಲ್ಲಿ ಇದನ್ನು ಬಳಸುವೆವೆಂದು ಯೋಚಿಸಿದವರು ವಿರಳ.

ಈಚಿನ ವರ್ಷಗಳಲ್ಲಿ, ವಿಶೇಷವಾಗಿ 2022ರ ಕೊನೆಯಿಂದೀಚೆಗೆ, ಮನುಷ್ಯನಂತೆಯೇ ಸಂಭಾಷಿಸುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಕನ್ನಡದಲ್ಲಿಯೂ ಅವು ಮಾತಾಡುತ್ತವೆ. ಸಂವಾದದ ಕೊರತೆಯನ್ನು ಇವು ಸ್ವಲ್ಪಮಟ್ಟಿಗೆ ತುಂಬಬಹುದು. ಪಾಠದಲ್ಲಿಲ್ಲದ ವಾಕ್ಯಕ್ಕೂ ಉತ್ತರ ಕೊಡುತ್ತವೆಂಬುದು ದೊಡ್ಡ ಮುನ್ನಡೆಯೇ. ಆದರೆ ಅವುಗಳ ಕನ್ನಡ ಹಲವು ಸಲ ಇಂಗ್ಲಿಷಿನ ಅನುವಾದದ ವಾಸನೆಯನ್ನು ಹೊತ್ತಿರುತ್ತದೆ; ಕಲಿಯುವವನು ಅದನ್ನು ಗುರುತಿಸಲಾರನು. ಅಲ್ಲದೆ, ನಾವು ತಪ್ಪಿ ಆಡಿದರೂ ಅವು ಅರ್ಥಮಾಡಿಕೊಂಡು ಮುಂದೆ ಸಾಗುತ್ತವೆ. ಅಜ್ಜಿಯಂತೆ ಬಾಯಿ ಮುಚ್ಚಿಕೊಂಡು ನಗುವುದಿಲ್ಲ. ಆ ನಗೆಯಿಂದ ತಿದ್ದಿಕೊಂಡ ತಪ್ಪು ಮತ್ತೆ ಆಗುವುದಿಲ್ಲವೆಂಬುದು ಅನುಭವವುಳ್ಳವರಿಗೆ ಗೊತ್ತು.

ಈ ಸಮೀಕ್ಷೆಯ ಸಾರವನ್ನು ಹೀಗೆ ಹೇಳಬಹುದು: ತಂತ್ರಾಂಶವು ಅಭ್ಯಾಸವನ್ನು ಮಾರುತ್ತದೆ; ಮಾತಾಡುವ ಪ್ರಸಂಗವನ್ನು ಅದು ಮಾರಲಾರದು. ಪ್ರಸಂಗವಿದ್ದವನಿಗೆ ಅಭ್ಯಾಸ ಬೆಳೆಯ ಮೇಲೆ ಬಿದ್ದ ಮಳೆ; ಪ್ರಸಂಗವಿಲ್ಲದವನಿಗೆ ಬಂಡೆಯ ಮೇಲೆ ಬಿದ್ದ ಮಳೆ. ಆದಕಾರಣ, ಮೊದಲು ಪ್ರಸಂಗವನ್ನು ಒದಗಿಸಿಕೊಂಡು ಆಮೇಲೆ ತಂತ್ರಾಂಶದ ಯೋಚನೆ ಮಾಡುವುದು ಯುಕ್ತಕ್ರಮ. ನಮ್ಮ ಊರುಗಳಲ್ಲಿ ಪ್ರಸಂಗಗಳಿಗೆ ಬರಗಾಲವಿಲ್ಲ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತಿದೆ; ಠಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘವಿದೆ; ವಾಶಿಯಲ್ಲಿ ಕನ್ನಡ ಸಂಘವಿದೆ; ಚಿಣ್ಣರ ಬಿಂಬವೆಂಬ ಸಂಸ್ಥೆ ಮುಂಬಯಿ ಮತ್ತು ಉಪನಗರಗಳ ಮಕ್ಕಳಿಗೆ ಭಜನೆ, ಭಾವಗೀತೆ, ನಾಟಕಗಳ ಜೊತೆಯಲ್ಲಿಯೇ ಕನ್ನಡವನ್ನು ಕಲಿಸುತ್ತ ಬಂದಿದೆ. ವಯಸ್ಕರಿಗೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವುಂಟು. ಮನೆಗೊಂದು ಕನ್ನಡ ಪತ್ರಿಕೆಯನ್ನು ತರಿಸಿ, ಅದರ ತಲೆಬರಹಗಳನ್ನು ಮಗುವಿನಿಂದ ದಿನಕ್ಕೆರಡರಂತೆ ಓದಿಸಿದರೂ ಲಿಪಿ ಕೈಬಿಡುವುದಿಲ್ಲ.

ಆದ್ದರಿಂದ ನನ್ನ ಪರಿಚಿತರಿಗೆ ನಾನು ಈಗ ಕೊಡುವ ಉತ್ತರವಿಷ್ಟು. ಮರಾಠಿಗಾಗಿ ಏನನ್ನೂ ಕೊಳ್ಳಬೇಡಿ. ಜರ್ಮನ್ ಜಪಾನೀಗಳಿಗಾಗಿ, ಪರೀಕ್ಷೆಯ ತಾರೀಖು ಗೊತ್ತುಮಾಡಿಕೊಂಡ ಮೇಲೆ ಕೊಳ್ಳಿ. ಮಕ್ಕಳ ಕನ್ನಡಕ್ಕಾದರೆ, ಊರಿನಲ್ಲಿರುವ ಅಜ್ಜಿಯೊಡನೆಯೋ ಅಜ್ಜನೊಡನೆಯೋ ಪ್ರತಿ ಭಾನುವಾರ ಅರ್ಧ ಗಂಟೆ ಕನ್ನಡದಲ್ಲಿಯೇ ಫೋನಿನ ಮಾತು ಎಂದು ನಿಯಮ ಮಾಡಿ. ಒಂದು ತಿಂಗಳು ಉಚಿತವಾದ ಸಾಧನದಿಂದ ದಿನಕ್ಕೆ ಹತ್ತು ನಿಮಿಷ ಪದಗಳನ್ನು ಕಲಿಸಿ. ತಿಂಗಳ ಕೊನೆಗೆ ಮೂವತ್ತರಲ್ಲಿ ಇಪ್ಪತ್ತು ದಿನವಾದರೂ ಮಗು ಅದನ್ನು ತೆರೆದಿದ್ದರೆ, ಆಗ ಒಂದು ತಿಂಗಳ ಮಟ್ಟಿಗೆ ಹಣ ಕೊಟ್ಟು ನೋಡಿ. ವರ್ಷದ ಚಂದಾವನ್ನು ಮಾತ್ರ ಮೊದಲ ದಿನ ಕಟ್ಟಬೇಡಿ. ಭಾನುವಾರದ ಆ ಫೋನು ಒಮ್ಮೆಯೂ ತಪ್ಪದಿರಲಿ.